ಕುಡಿಯುವವನ ರುಚಿ: ತನ್ನಿಚ್ಛೆಯೋ, ಪರರಿಚ್ಛೆಯೋ?

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬುದು ಕನ್ನಡದ ಹಳೆಯ ಗಾದೆ. ಉಡುವುದು ತೊಡುವುದು ನೋಡುವವರ ಮೆಚ್ಚುಗೆಗಾಗಿ. ತಿನ್ನುವುದು, ಕುಡಿಯುವುದು ಮಾತ್ರ ಅವರವರ ನಾಲಿಗೆಗೆ ಬಿಟ್ಟ ವಿಷಯ ಎಂಬುದು ಅದರ ಇಂಗಿತ. ಊಟದ ಮಟ್ಟಿಗೆ ಈ ಮಾತು ಎಷ್ಟು ನಿಜವೋ, ಆದರೆ ಮದ್ಯದ ಮಟ್ಟಿಗೆ ಇದನ್ನು ಒಪ್ಪುವುದು ಕಷ್ಟ ಎನ್ನುತ್ತದೆ ಇತಿಹಾಸ.

ಲಂಡನ್ನಿನ ಹಳೆಯ ಮನೆತನದ ಔತಣದಲ್ಲಿ ಊಟ ಮುಗಿದ ಮೇಲೆ ಪೋರ್ಚುಗಲ್ಲಿನ ಸಿಹಿ ಪೋರ್ಟ್ ವೈನ್ ಬರಬೇಕು. ಸ್ವೀಡನ್ನಿನಲ್ಲಿ ಗುರುವಾರದ ಬಟಾಣಿ ಸೂಪಿನ ಜೊತೆ ಬಿಸಿ ಮಾಡಿದ ‘ಪುನ್ಶ್’ ಕುಡಿಯುವ ರೂಢಿಯಿದೆ. ರಷ್ಯಾದಲ್ಲಿ ಹೊಸ ವರ್ಷದ ರಾತ್ರಿ ಶಾಂಪೇನ್ ಮಾದರಿಯ ಸಿಹಿ ವೈನ್ ಬೇಕು. ದಕ್ಷಿಣ ಫ್ರಾನ್ಸಿನವರಿಗೆ ಸೋಂಪಿನ ವಾಸನೆಯ, ನೀರು ಬೆರೆಸಿದೊಡನೆ ಹಾಲಿನಂತಾಗುವ ಪಾಸ್ತಿಸ್ ಇಷ್ಟ. ಜಪಾನಿನವರು ವಿಸ್ಕಿಗೆ ಧಾರಾಳವಾಗಿ ನೀರು ಬೆರೆಸಿ ಊಟದ ಜೊತೆಯಲ್ಲೇ ಕುಡಿಯುತ್ತಾರೆ. ಇವರಲ್ಲಿ ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ: ‘ನನಗೆ ಇದು ರುಚಿ.’

ಆದರೆ ಈ ಒಂದೊಂದು ರುಚಿಯ ಹಿಂದೆಯೂ ಒಂದು ಸುಂಕದ ಕಾನೂನು, ಒಂದು ಯುದ್ಧ, ಒಂದು ರೋಗ ಅಥವಾ ಒಂದು ಕೀಟ ಇದೆ. ಕುಡಿಯುವವನು ತನ್ನದೆಂದುಕೊಂಡ ಆಯ್ಕೆಯನ್ನು ಅವನು ಹುಟ್ಟುವ ನೂರಾರು ವರ್ಷಗಳ ಮೊದಲೇ ಬೇರೆ ಯಾರೋ ಮಾಡಿಟ್ಟಿರುತ್ತಾರೆ.

ಸುಂಕ ಕಲಿಸಿದ ರುಚಿ

ಇಂಗ್ಲಿಷರು ಮೊದಲಿನಿಂದಲೂ ಪೋರ್ಟ್ ಕುಡಿಯುತ್ತಿದ್ದವರಲ್ಲ. ಅವರ ಮೊದಲ ಒಲವು ಇದ್ದದ್ದು ಫ್ರಾನ್ಸಿನ ಬೋರ್ಡೋ ಪ್ರದೇಶದ ಕೆಂಪು ವೈನಿನ ಮೇಲೆ. ಇದಕ್ಕೆ ಕಾರಣ ಒಂದು ಮದುವೆ. 1152ರಲ್ಲಿ ಅಕ್ವಿಟೇನ್ ಪ್ರಾಂತದ ಒಡತಿ ಎಲಿನಾರ್ ಮದುವೆಯಾದ ಹೆನ್ರಿ, ಎರಡು ವರ್ಷಗಳ ನಂತರ ಇಂಗ್ಲೆಂಡಿನ ಅರಸನಾದ. ಬೋರ್ಡೋ ಇಂಗ್ಲೆಂಡಿನ ಅಧೀನಕ್ಕೆ ಬಂದು 1453ರವರೆಗೆ, ಅಂದರೆ ಮುನ್ನೂರು ವರ್ಷ ಹಾಗೆಯೇ ಉಳಿಯಿತು. ಅಲ್ಲಿನ ವೈನ್ ಹಡಗುಗಟ್ಟಲೆ ಇಂಗ್ಲೆಂಡಿಗೆ ಬಂತು. ಇಂಗ್ಲಿಷರು ಅದಕ್ಕೆ ‘ಕ್ಲಾರೆಟ್’ ಎಂದು ತಮ್ಮದೇ ಹೆಸರು ಕೊಟ್ಟರು.

ಆಮೇಲೆ ಬಂದದ್ದು ಫ್ರಾನ್ಸಿನ ಜೊತೆಗಿನ ದೀರ್ಘ ವೈರ. ಶತ್ರುವಿನ ಸರಕಿಗೆ ಹಣ ಕೊಡಬಾರದೆಂದು ಫ್ರೆಂಚ್ ವೈನಿನ ಮೇಲೆ ಒಮ್ಮೆ ನಿಷೇಧ, ಇನ್ನೊಮ್ಮೆ ಭಾರಿ ಸುಂಕ ಬಿತ್ತು. 1703ರಲ್ಲಿ ಇಂಗ್ಲೆಂಡ್ ಮತ್ತು ಪೋರ್ಚುಗಲ್ ಮಾಡಿಕೊಂಡ ಮೆಥುಯೆನ್ ಒಪ್ಪಂದ ಈ ವಿಷಯವನ್ನು ಇತ್ಯರ್ಥ ಮಾಡಿತು. ಇಂಗ್ಲೆಂಡಿನ ಉಣ್ಣೆ ಬಟ್ಟೆಗೆ ಪೋರ್ಚುಗಲ್ ಬಾಗಿಲು ತೆರೆಯಬೇಕು. ಅದಕ್ಕೆ ಪ್ರತಿಯಾಗಿ ಪೋರ್ಚುಗಲ್ಲಿನ ವೈನಿನ ಮೇಲಿನ ಸುಂಕ ಫ್ರೆಂಚ್ ವೈನಿನ ಸುಂಕದ ಮೂರನೇ ಎರಡು ಪಾಲನ್ನು ಮೀರಬಾರದು. ಬಟ್ಟೆ ವ್ಯಾಪಾರಕ್ಕಾಗಿ ಮಾಡಿಕೊಂಡ ಈ ಕರಾರು ಒಂದು ದೇಶದ ನಾಲಿಗೆಯನ್ನೇ ಬದಲಿಸಿತು.

ಡೌರೋ ನದಿಯ ಕಣಿವೆಯ ಆ ವೈನ್ ಸಮುದ್ರ ಪ್ರಯಾಣದಲ್ಲಿ ಕೆಡುತ್ತಿತ್ತು. ಕೆಡದಿರಲೆಂದು ವರ್ತಕರು ಅದಕ್ಕೆ ದ್ರಾಕ್ಷಿಯಿಂದ ಭಟ್ಟಿ ಇಳಿಸಿದ ಬ್ರಾಂದಿ ಸೇರಿಸತೊಡಗಿದರು. ರಸ ಹುದುಗುತ್ತಿರುವಾಗಲೇ ಬ್ರಾಂದಿ ಹಾಕಿದರೆ, ಸಕ್ಕರೆಯನ್ನು ಮದ್ಯವಾಗಿಸುವ ಯೀಸ್ಟ್ ಸತ್ತುಹೋಗುತ್ತದೆ. ಉಳಿದ ಸಕ್ಕರೆ ಹಾಗೆಯೇ ನಿಲ್ಲುತ್ತದೆ. ಹೀಗಾಗಿ ಪೋರ್ಟ್ ಸಾಮಾನ್ಯ ವೈನಿಗಿಂತ ಸಿಹಿ, ಸಾಮಾನ್ಯ ವೈನಿಗಿಂತ ಕಟು. ಅದರಲ್ಲಿ ಮದ್ಯಸಾರದ ಅಂಶ ಶೇ 20ರ ಆಸುಪಾಸು. ಕಲಬೆರಕೆ ತಡೆಯಲು ಪೋರ್ಚುಗಲ್ಲಿನ ಮಂತ್ರಿ ಪೊಂಬಾಲ್ 1756ರಲ್ಲಿ ಡೌರೋ ವೈನಿನ ಗಡಿಯನ್ನೇ ಗುರುತಿಸಿಟ್ಟ. ಸುಂಕಕ್ಕೆ ಹೆದರಿ ಕುಡಿಯತೊಡಗಿದ ಪೇಯ ಒಂದೆರಡು ತಲೆಮಾರಿನಲ್ಲಿ ಇಂಗ್ಲಿಷ್ ಗೃಹಸ್ಥನ ಅಭಿಮಾನದ ಸಂಗತಿಯಾಯಿತು.

ಬಡವರ ಪಾಲಿಗೆ ಬಂದ ಜಿನ್

ಇದೇ ವೈರದ ಇನ್ನೊಂದು ಕೂಸು ಜಿನ್. ಜೂನಿಪರ್ ಎಂಬ ಗಿಡದ ಕಾಯಿಯ ವಾಸನೆ ಕಟ್ಟಿದ ಈ ಸಾರಾಯಿ ಮೂಲತಃ ಡಚ್ಚರದು. 1689ರಲ್ಲಿ ಪಟ್ಟಕ್ಕೆ ಬಂದ ವಿಲಿಯಂ ದೊರೆಯೂ ಡಚ್ಚನೇ. ಫ್ರಾನ್ಸಿನ ಬ್ರಾಂದಿಗೆ ತಡೆ ಬಿತ್ತು. ಅದರ ಬದಲಿಗೆ ಇಂಗ್ಲೆಂಡಿನ ಧಾನ್ಯದಿಂದಲೇ ಸಾರಾಯಿ ಇಳಿಸಲು 1690ರ ಕಾನೂನು ಉತ್ತೇಜನ ಕೊಟ್ಟಿತು. ಜಮೀನ್ದಾರರ ಧಾನ್ಯಕ್ಕೆ ಒಳ್ಳೆಯ ಮಾರುಕಟ್ಟೆ, ಸರ್ಕಾರಕ್ಕೆ ಒಳ್ಳೆಯ ಆದಾಯ. ಕೆಟ್ಟದ್ದು ಬಡವರ ಪಾಲಿಗೆ ಬಂತು.

ಲಂಡನ್ನಿನ ಬೀದಿಗಳಲ್ಲಿ, ಕಿರಾಣಿ ಅಂಗಡಿಗಳಲ್ಲಿ, ಮನೆಯ ಪಡಸಾಲೆಗಳಲ್ಲಿ ಕೂಡ ಜಿನ್ ಮಾರಾಟವಾಯಿತು. ಬೀರಿಗಿಂತ ಬೇಗ ಏರುವ, ಕೈಗೆಟಕುವ ಬೆಲೆಯ ಪೇಯ ಅದು. ಕೂಲಿಯವರು, ಹೆಂಗಸರು, ದಾದಿಯರು ಅದಕ್ಕೆ ದಾಸರಾದರು. 1736ರಲ್ಲಿ ಸರ್ಕಾರ ಎಚ್ಚೆತ್ತು, ಜಿನ್ ಮಾರಲು ವರ್ಷಕ್ಕೆ 50 ಪೌಂಡ್ ಪರವಾನಗಿ ಶುಲ್ಕ ವಿಧಿಸಿತು. ಪರವಾನಗಿ ಪಡೆದವರು ಬೆರಳೆಣಿಕೆಯಷ್ಟು ಮಂದಿ. ಕಳ್ಳ ಮಾರಾಟ ಮಾತ್ರ ನಿಲ್ಲಲಿಲ್ಲ. ಬೀದಿಗಳಲ್ಲಿ ಗಲಭೆಯಾಯಿತು. ಏಳು ವರ್ಷಗಳಲ್ಲಿ ಕಾನೂನನ್ನು ಹಿಂದಕ್ಕೆ ಪಡೆಯಬೇಕಾಯಿತು. ಮಾರಾಟವನ್ನು ಹದ್ದುಬಸ್ತಿಗೆ ತಂದದ್ದು 1751ರ ಕಾನೂನು.

ಅದೇ ವರ್ಷ ಚಿತ್ರಕಾರ ವಿಲಿಯಂ ಹೊಗಾರ್ತ್ ‘ಜಿನ್ ಬೀದಿ’ ಎಂಬ ಪ್ರಸಿದ್ಧ ಮುದ್ರಣ ಚಿತ್ರವನ್ನು ಹೊರತಂದ. ಅಮಲಿನಲ್ಲಿ ಮೈಮರೆತ ತಾಯಿಯ ತೋಳಿನಿಂದ ಮಗು ಕೆಳಕ್ಕೆ ಬೀಳುತ್ತಿರುವ ದೃಶ್ಯ ಅದರ ನಡುವೆ ಇದೆ. ಜೊತೆಗಿನ ಇನ್ನೊಂದು ಚಿತ್ರ ‘ಬೀರ್ ಬೀದಿ’. ಅಲ್ಲಿ ಎಲ್ಲರೂ ದುಡಿಯುವವರು, ದಷ್ಟಪುಷ್ಟರು. ದೇಶದ್ದೇ ಆದ ಬೀರು ಒಳ್ಳೆಯದು, ಹೊರಗಿನಿಂದ ಬಂದ ಜಿನ್ ಕೆಟ್ಟದ್ದು ಎಂಬುದು ಚಿತ್ರಗಳ ಪಾಠ. ಆದರೆ ಆ ಜಿನ್ನನ್ನು ಬೀದಿಗಿಳಿಸಿದ ಸುಂಕದ ಲೆಕ್ಕಾಚಾರ ಚಿತ್ರದಲ್ಲಿ ಎಲ್ಲೂ ಕಾಣುವುದಿಲ್ಲ. ಸಿರಿವಂತರು ಪೋರ್ಟ್ ಕುಡಿದು ಮತ್ತರಾದರೆ ಅದು ಸತ್ಕಾರ, ಬಡವರು ಜಿನ್ ಕುಡಿದು ಮತ್ತರಾದರೆ ಅದು ಸಮಾಜದ ಸಮಸ್ಯೆ ಎಂಬ ಭೇದ ಆಗಲೇ ಬೇರೂರಿತ್ತು.

ರಷ್ಯಾಕ್ಕೆ ಸಿಹಿ, ಇಂಗ್ಲೆಂಡಿಗೆ ಸಪ್ಪೆ

ಒಂದೇ ಪೇಯವನ್ನು ಬೇರೆ ಬೇರೆ ದೇಶಗಳ ರುಚಿಗೆ ತಕ್ಕಂತೆ ತಯಾರಿಸಿದ್ದಕ್ಕೆ ಶಾಂಪೇನಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಫ್ರಾನ್ಸಿನ ಶಾಂಪೇನ್ ಪ್ರಾಂತದ ಈ ನೊರೆಗರೆಯುವ ವೈನನ್ನು ಎರಡು ಬಾರಿ ಹುದುಗಿಸಲಾಗುತ್ತದೆ. ಎರಡನೆಯ ಬಾರಿ ಬಾಟಲಿಯೊಳಗೇ ಹುದುಗುವುದರಿಂದ ಗಾಳಿ ಹೊರಹೋಗಲಾರದೆ ಗುಳ್ಳೆಯಾಗುತ್ತದೆ. ಕೊನೆಯಲ್ಲಿ ಯೀಸ್ಟಿನ ಗಸಿಯನ್ನು ತೆಗೆದು, ತೆರವಾದ ಜಾಗಕ್ಕೆ ಸಕ್ಕರೆ ಬೆರೆತ ವೈನ್ ತುಂಬಿ ಬಿರಡೆ ಹಾಕುತ್ತಾರೆ. ಎಷ್ಟು ಸಕ್ಕರೆ ಎಂಬುದು ತಯಾರಕನ ಕೈಯಲ್ಲಿದೆ. ಬೇರೆ ಬೇರೆ ದೇಶದ ಗಿರಾಕಿಗಳನ್ನು ಒಲಿಸಿಕೊಳ್ಳಲು ಇದಕ್ಕಿಂತ ಸುಲಭದ ದಾರಿ ಇಲ್ಲ.

19ನೇ ಶತಮಾನದಲ್ಲಿ ರಷ್ಯಾಕ್ಕೆ ಹೋಗುತ್ತಿದ್ದ ಶಾಂಪೇನಿನಲ್ಲಿ ಲೀಟರಿಗೆ 200ರಿಂದ 300 ಗ್ರಾಂ ಸಕ್ಕರೆ ಇರುತ್ತಿತ್ತು. ಇಂದಿನ ಕೋಲಾ ಪಾನೀಯಗಳಲ್ಲಿ ಇರುವುದಕ್ಕಿಂತ ಇದು ಎರಡು ಪಟ್ಟು. ಫ್ರೆಂಚರಿಗೂ ಸಿಹಿಯೇ ಬೇಕಿತ್ತು. ಅಮೆರಿಕದವರಿಗೆ ಅದಕ್ಕಿಂತ ಸ್ವಲ್ಪ ಕಡಿಮೆ. ಇಂಗ್ಲೆಂಡಿಗೆ ಹೋಗುತ್ತಿದ್ದುದು ಎಲ್ಲಕ್ಕಿಂತ ಸಪ್ಪೆ. ಊಟದ ಕೊನೆಯ ಸಿಹಿಗೆ ಇಂಗ್ಲಿಷರಿಗೆ ಪೋರ್ಟ್ ಆಗಲೇ ಇತ್ತು. ಶಾಂಪೇನ್ ಬೇಕಾದದ್ದು ಊಟದ ಜೊತೆಗೆ. ಹೀಗೆ 1703ರ ಸುಂಕದ ಒಪ್ಪಂದ ಒಂದೂವರೆ ಶತಮಾನದ ನಂತರ ಶಾಂಪೇನಿನ ಸಕ್ಕರೆಯನ್ನೂ ಕಡಿಮೆ ಮಾಡಿಸಿತು! 1874ರ ಬೆಳೆಯಿಂದ ಮದಾಂ ಪೊಮ್ಮೆರಿ ಎಂಬ ವಿಧವೆ ಇಂಗ್ಲೆಂಡಿನ ಗಿರಾಕಿಗಳಿಗಾಗಿ ತಯಾರಿಸಿದ ‘ಬ್ರೂಟ್’ ಶಾಂಪೇನ್ ಜನಪ್ರಿಯವಾಯಿತು. ಇಂದು ಲೋಕದಲ್ಲಿ ಮಾರಾಟವಾಗುವ ಶಾಂಪೇನಿನಲ್ಲಿ ಬಹುಪಾಲು ಬ್ರೂಟ್. ಅದರಲ್ಲಿ ಲೀಟರಿಗೆ 12 ಗ್ರಾಂಗಿಂತ ಹೆಚ್ಚು ಸಕ್ಕರೆ ಇರುವಂತಿಲ್ಲ.

ರಷ್ಯಾದ ರುಚಿಯನ್ನು ಕುದುರಿಸಿದವಳೂ ಒಬ್ಬ ವಿಧವೆಯೇ. ಬಾರ್ಬ್ ನಿಕೋಲ್ ಕ್ಲಿಕೋ 1805ರಲ್ಲಿ, 27ರ ಹರೆಯದಲ್ಲಿ ಗಂಡನನ್ನು ಕಳೆದುಕೊಂಡು ವ್ಯಾಪಾರವನ್ನು ತಾನೇ ಕೈಗೆತ್ತಿಕೊಂಡಳು. ನೆಪೋಲಿಯನ್ನನ ಯುದ್ಧಗಳು ಮುಗಿಯುತ್ತಿದ್ದಂತೆ 1814ರಲ್ಲಿ, ದಿಗ್ಬಂಧನ ಪೂರ್ತಿ ತೆರವಾಗುವ ಮೊದಲೇ, ರಷ್ಯಾಕ್ಕೆ ಹಡಗು ಕಳಿಸಿ ಪ್ರತಿಸ್ಪರ್ಧಿಗಳನ್ನು ಹಿಂದೆ ಹಾಕಿದಳು. ಬಾಟಲಿಗಳನ್ನು ತಲೆಕೆಳಗಾಗಿ ಜೋಡಿಸಿ, ಆಗಾಗ ತಿರುಗಿಸಿ, ಗಸಿಯನ್ನು ಬಿರಡೆಯ ಕಡೆಗೆ ಇಳಿಸುವ ವಿಧಾನವೂ ಅವಳ ನೆಲಮಾಳಿಗೆಯಲ್ಲೇ ರೂಪುಗೊಂಡಿತು. 1876ರಲ್ಲಿ ರೋಡರೇರ್ ಕಂಪನಿ ಎರಡನೆಯ ಅಲೆಕ್ಸಾಂಡರ್ ಚಕ್ರವರ್ತಿಗಾಗಿಯೇ ‘ಕ್ರಿಸ್ಟಲ್’ ಎಂಬ ಶಾಂಪೇನ್ ತಯಾರಿಸಿತು. ಬಾಟಲಿಯಲ್ಲಿ ಸ್ಫೋಟಕ ಅಡಗಿಸಬಾರದೆಂದು ಅದಕ್ಕೆ ಪಾರದರ್ಶಕ ಗಾಜು, ಚಪ್ಪಟೆ ತಳ ಬೇಕೆಂದು ಅರಮನೆ ಕೇಳಿತ್ತು ಎಂಬ ಪ್ರತೀತಿ ಇದೆ. ಐದು ವರ್ಷಗಳ ಬಳಿಕ, 1881ರಲ್ಲಿ, ಆ ಚಕ್ರವರ್ತಿ ಬಾಂಬಿಗೇ ಬಲಿಯಾದ.

1917ರ ಕ್ರಾಂತಿಯೊಂದಿಗೆ ಈ ಮಾರುಕಟ್ಟೆ ಕುಸಿಯಿತು. ಆದರೆ ಅರಮನೆ ಕಲಿಸಿದ ರುಚಿ ಉಳಿಯಿತು. 1930ರ ದಶಕದಲ್ಲಿ ಸೋವಿಯತ್ ಸರ್ಕಾರ ಜನಸಾಮಾನ್ಯರಿಗಾಗಿ ಅಗ್ಗದ ‘ಸೋವಿಯತ್ ಶಾಂಪೇನ್’ ಕಾರ್ಖಾನೆಗಳನ್ನು ತೆರೆಯಿತು. ಅಲ್ಲಿ ತಯಾರಾದದ್ದೂ ಬಹುಮಟ್ಟಿಗೆ ಸಿಹಿಯೇ.

ಒಂದು ಹೇನು ಮಾಡಿದ ಬದಲಾವಣೆ

ಅರಸರು, ಮಂತ್ರಿಗಳು ಮಾಡಲಾಗದ್ದನ್ನು ಒಮ್ಮೆ ಕಣ್ಣಿಗೆ ಕಾಣದಷ್ಟು ಸಣ್ಣ ಕೀಟ ಮಾಡಿ ತೋರಿಸಿತು. ಫಿಲಾಕ್ಸೆರಾ ಎಂಬ ಈ ಸಸ್ಯಹೇನು ಅಮೆರಿಕದ ಕಾಡು ದ್ರಾಕ್ಷಿಯ ಬೇರಿನಲ್ಲಿ ಬದುಕುತ್ತಿತ್ತು. ಸಸಿಗಳ ಜೊತೆ ಹಡಗಿನಲ್ಲಿ ಯುರೋಪಿಗೆ ಬಂದ ಅದರ ಹಾವಳಿ 1863ರಲ್ಲಿ ದಕ್ಷಿಣ ಫ್ರಾನ್ಸಿನಲ್ಲಿ ಮೊದಲು ಕಂಡಿತು. ಅಮೆರಿಕದ ಬಳ್ಳಿಗಳಿಗೆ ಇದನ್ನು ತಡೆಯುವ ಶಕ್ತಿ ಇತ್ತು, ಯುರೋಪಿನ ಬಳ್ಳಿಗಳಿಗೆ ಇರಲಿಲ್ಲ. ತೋಟದ ಮೇಲೆ ತೋಟ ಒಣಗಿತು. 1875ರಲ್ಲಿ 845 ಕೋಟಿ ಲೀಟರ್‌ನಷ್ಟಿದ್ದ ಫ್ರಾನ್ಸಿನ ವೈನ್ ಉತ್ಪಾದನೆ 1889ರ ವೇಳೆಗೆ 234 ಕೋಟಿ ಲೀಟರಿಗೆ ಇಳಿಯಿತು. ಕೊನೆಗೆ ಅಮೆರಿಕದ ಬೇರಿಗೆ ಯುರೋಪಿನ ಬಳ್ಳಿಯನ್ನು ಕಸಿ ಕಟ್ಟುವುದೇ ಪರಿಹಾರವಾಯಿತು. ಇಂದಿಗೂ ಯುರೋಪಿನ ಬಹುತೇಕ ದ್ರಾಕ್ಷಿತೋಟಗಳು ನಿಂತಿರುವುದು ಅಮೆರಿಕದ ಬೇರಿನ ಮೇಲೆ.

ದ್ರಾಕ್ಷಿ ಇಲ್ಲವಾದಾಗ ಬ್ರಾಂದಿಯೂ ಇಲ್ಲ. ಅಷ್ಟರವರೆಗೆ ಇಂಗ್ಲಿಷ್ ಗೃಹಸ್ಥ ಕುಡಿಯುತ್ತಿದ್ದುದು ಫ್ರಾನ್ಸಿನ ಕೊನ್ಯಾಕ್ ಬ್ರಾಂದಿಗೆ ಬೆರೆಸಿದ ಸೋಡಾ. ಸ್ಕಾಟ್ಲೆಂಡಿನ ವಿಸ್ಕಿ ಅವನ ಲೆಕ್ಕದಲ್ಲಿ ಗುಡ್ಡಗಾಡಿನವರ ಹೊಗೆವಾಸನೆಯ ಒರಟು ಪೇಯ. ಆದರೆ 1830ರ ದಶಕದಿಂದ ಬಳಕೆಗೆ ಬಂದ ಹೊಸ ಬಗೆಯ ಭಟ್ಟಿಯಿಂದ ಹಗುರವಾದ ಧಾನ್ಯದ ವಿಸ್ಕಿ ಸಿಗುತ್ತಿತ್ತು. 1860ರ ಕಾನೂನಿನ ನಂತರ ಅದನ್ನು ಮಾಲ್ಟ್ ವಿಸ್ಕಿಯ ಜೊತೆ ಬೆರೆಸುವುದು ಸುಲಭವಾಯಿತು. ಬ್ರಾಂದಿ ಬರಿದಾದ ಹೊತ್ತಿಗೆ ಈ ಮಿಶ್ರಣ ಸಿದ್ಧವಾಗಿತ್ತು. ಬ್ರಾಂದಿ ಸೋಡಾದ ಜಾಗಕ್ಕೆ ವಿಸ್ಕಿ ಸೋಡಾ ಬಂತು. ಬ್ರಿಟಿಷ್ ಅಧಿಕಾರಿಗಳ ಜೊತೆ ಅದು ಭಾರತದ ಕಂಟೋನ್ಮೆಂಟುಗಳಿಗೂ ಬಂತು.

ಫ್ರಾನ್ಸಿನೊಳಗೆ ವೈನ್ ದುಬಾರಿಯಾದಾಗ ಜನ ಅಬ್ಸಿಂತ್ ಎಂಬ ಹಸಿರು ಬಣ್ಣದ, ಕಹಿ ಗಿಡಮೂಲಿಕೆಯ ಸಾರಾಯಿಗೆ ತಿರುಗಿದರು. ತೋಟಗಳು ಮತ್ತೆ ಚಿಗುರಿದಾಗ ವೈನ್ ಬೆಳೆಗಾರರಿಗೆ ಅಬ್ಸಿಂತ್ ಶತ್ರುವಾಗಿ ಕಂಡಿತು. 1905ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಕೂಲಿಯೊಬ್ಬ ಕುಡಿದ ಮತ್ತಿನಲ್ಲಿ ತನ್ನ ಬಸುರಿ ಹೆಂಡತಿ ಮತ್ತು ಇಬ್ಬರು ಮಕ್ಕಳನ್ನು ಕೊಂದ. ಆ ದಿನ ಅವನು ಕುಡಿದದ್ದರಲ್ಲಿ ಬಹುಪಾಲು ವೈನ್. ಅಬ್ಸಿಂತ್ ಎರಡೇ ಲೋಟ. ಆದರೂ ಅಪವಾದ ಬಂದದ್ದು ಅಬ್ಸಿಂತಿಗೆ. ಸ್ವಿಟ್ಜರ್ಲೆಂಡ್ 1910ರಲ್ಲಿ, ಫ್ರಾನ್ಸ್ 1915ರಲ್ಲಿ ಅದನ್ನು ನಿಷೇಧಿಸಿದವು. ಅದರ ಬದಲಿಗೆ ಹುಟ್ಟಿಕೊಂಡದ್ದೇ ಸೋಂಪಿನ ಪಾಸ್ತಿಸ್. ಅಬ್ಸಿಂತಿನ ಮೇಲೆ ಹೊರಿಸಿದ್ದ ವಿಶೇಷ ದೋಷಗಳಿಗೆ ಆಧಾರವಿಲ್ಲವೆಂದು ತಿಳಿದ ಮೇಲೆ ಸ್ವಿಟ್ಜರ್ಲೆಂಡ್ 2005ರಲ್ಲಿ, ಫ್ರಾನ್ಸ್ 2011ರಲ್ಲಿ ಹಳೆಯ ಕಾನೂನನ್ನು ತೆಗೆದುಹಾಕಿದವು.

‘ಪಂಚ’ದಿಂದ ‘ಪಂಚ್’

ಬೆರಕೆ ಪೇಯಗಳ ಇತಿಹಾಸದಲ್ಲಿ ಭಾರತದ ಪಾಲು ದೊಡ್ಡದು. ಕಾಕ್‌ಟೇಲಿಗಿಂತ ಬಹಳ ಮೊದಲು ಯುರೋಪನ್ನು ಆವರಿಸಿದ್ದು ‘ಪಂಚ್’. ಈಸ್ಟ್ ಇಂಡಿಯಾ ಕಂಪನಿಯ ನೌಕರರ ಪತ್ರವೊಂದರಲ್ಲಿ, 1632ರಲ್ಲಿ, ಈ ಹೆಸರು ಮೊದಲು ಕಾಣಿಸುತ್ತದೆ. ಸಾರಾಯಿ, ಸಕ್ಕರೆ, ನಿಂಬೆರಸ, ನೀರು, ಮಸಾಲೆ ಎಂಬ ಐದು ಸಾಮಗ್ರಿಗಳಿಂದಾಗಿ ನಮ್ಮ ‘ಪಂಚ’ ಶಬ್ದವೇ ಪಂಚ್ ಆಯಿತೆಂಬುದು ಹೆಚ್ಚು ಜನ ಒಪ್ಪುವ ವಿವರಣೆ. ಪೀಪಾಯಿಗೆ ಇಂಗ್ಲಿಷಿನಲ್ಲಿದ್ದ ಒಂದು ಹೆಸರಿನಿಂದ ಬಂತೆಂದು ವಾದಿಸುವವರೂ ಇದ್ದಾರೆ. ಅದೇ ಶತಮಾನದಲ್ಲಿ ಭಾರತ ಸುತ್ತಿದ ಫ್ರೆಂಚ್ ಪ್ರವಾಸಿ ಬರ್ನಿಯೆ, ಬಂಗಾಳದಲ್ಲಿ ಇಂಗ್ಲಿಷರು ಮತ್ತು ಡಚ್ಚರು ಇದನ್ನು ಕುಡಿದು ಆರೋಗ್ಯ ಕೆಡಿಸಿಕೊಳ್ಳುತ್ತಿದ್ದುದನ್ನು ಬರೆದಿಟ್ಟಿದ್ದಾನೆ.

ಸ್ವೀಡನ್ನಿನ ‘ಪುನ್ಶ್’ ಇದರದೇ ಮೊಮ್ಮಗು. 1731ರಲ್ಲಿ ಸ್ಥಾಪನೆಯಾದ ಸ್ವೀಡಿಷ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಚಹಾ, ಪಿಂಗಾಣಿಯ ಜೊತೆ ಜಾವಾದ ಸಾರಾಯಿಯನ್ನೂ ತಂದವು. ಚಳಿಯ ದೇಶಕ್ಕೆ ಅದು ಎಷ್ಟು ಒಗ್ಗಿತೆಂದರೆ, ಇಂದು ಸ್ವೀಡಿಷರು ಅದನ್ನು ತಮ್ಮ ಪರಂಪರೆಯ ಪೇಯ ಎನ್ನುತ್ತಾರೆ.

ಜಿನ್ ಅಂಡ್ ಟಾನಿಕ್ಕಿನ ಕಥೆಯೂ ಇಲ್ಲಿಯದೇ. ದಕ್ಷಿಣ ಅಮೆರಿಕದ ಸಿಂಕೋನಾ ಮರದ ತೊಗಟೆ ಚಳಿಜ್ವರಕ್ಕೆ ಮದ್ದು. 1820ರಲ್ಲಿ ಇಬ್ಬರು ಫ್ರೆಂಚ್ ರಸಾಯನಶಾಸ್ತ್ರಜ್ಞರು ಅದರಿಂದ ಕ್ವಿನೈನನ್ನು ಬೇರ್ಪಡಿಸಿದರು. 1860ರ ದಶಕದಲ್ಲಿ ಬ್ರಿಟಿಷರು ಸಿಂಕೋನಾವನ್ನು ನೀಲಗಿರಿಗೆ ತಂದು ಬೆಳೆಸಿದರು. ಕ್ವಿನೈನ್ ಬೆರೆತ ಸೋಡಾಕ್ಕೆ ಲಂಡನ್ನಿನಲ್ಲಿ 1858ರಲ್ಲೇ ಪೇಟೆಂಟ್ ಸಿಕ್ಕಿತ್ತು. ಸೈನಿಕರು ಕ್ವಿನೈನಿನ ಕಹಿ ನುಂಗಲಾರದೆ ಜಿನ್ ಬೆರೆಸಿಕೊಂಡರು ಎಂಬ ಜನಪ್ರಿಯ ಕಥೆಯಿದೆ. ಆದರೆ ಈ ಜೋಡಿಯ ಹೆಸರು ಮೊದಲು ಸಿಗುವುದು 1868ರ ಒಂದು ಕ್ರೀಡಾ ಪತ್ರಿಕೆಯಲ್ಲಿ, ಭಾರತದ ಕುದುರೆ ಪಂದ್ಯದ ಸಂದರ್ಭದಲ್ಲಿ. ಅಂದರೆ ಅದು ಆಗಲೇ ಮೋಜಿನ ಪೇಯವಾಗಿತ್ತು. ಇಂದಿನ ಟಾನಿಕ್ ನೀರಿನಲ್ಲಿರುವ ಕ್ವಿನೈನಿಗೆ ಮಲೇರಿಯಾ ವಾಸಿ ಮಾಡುವ ಶಕ್ತಿ ಇಲ್ಲ. ಕಾಯಿಲೆಯ ಹೆಸರಿನಲ್ಲಿ ನಾಲಿಗೆಗೆ ಅಂಟಿದ ಕಹಿ ಮಾತ್ರ ಉಳಿದಿದೆ.

ಕಾಕ್‌ಟೇಲ್ ಕೂಡ ಔಷಧದ ಅಂಗಡಿಯಿಂದಲೇ ಹೊರಟದ್ದು. 1806ರಲ್ಲಿ ಅಮೆರಿಕದ ಪತ್ರಿಕೆಯೊಂದು ಕೊಟ್ಟ ಅರ್ಥದ ಪ್ರಕಾರ ಅದು ಸಾರಾಯಿ, ಸಕ್ಕರೆ, ನೀರು ಮತ್ತು ‘ಬಿಟರ್ಸ್’ ಎಂಬ ಕಹಿ ಕಷಾಯದ ಮಿಶ್ರಣ. ಇಂದಿಗೂ ಬಾರುಗಳಲ್ಲಿ ಕಾಣುವ ಅಂಗೊಸ್ಟುರಾ ಬಿಟರ್ಸ್ 1824ರಲ್ಲಿ ವೆನೆಜುವೆಲಾದಲ್ಲಿದ್ದ ಜರ್ಮನ್ ವೈದ್ಯ ಸೀಗರ್ಟ್ ತಯಾರಿಸಿದ ಹೊಟ್ಟೆಯ ಮದ್ದು. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿರೋಧ ಇದ್ದಾಗ ಕಳ್ಳಭಟ್ಟಿಯ ಘಾಟು ಮುಚ್ಚಲು ಹಣ್ಣಿನ ರಸ, ಜೇನುತುಪ್ಪ, ಕೆನೆ ಬೆರೆಸುವ ಚಾಳಿ ಹೆಚ್ಚಿತು. ಕೆಲಸ ಕಳೆದುಕೊಂಡ ಬಾರ್ ನೌಕರರು ಲಂಡನ್, ಪ್ಯಾರಿಸ್, ಹವಾನಾಗಳಿಗೆ ಹೋಗಿ ತಮ್ಮ ವಿದ್ಯೆಯನ್ನು ಹರಡಿದರು. ಕುಡಿತ ನಿಲ್ಲಿಸಲು ತಂದ ಕಾನೂನು ಕಾಕ್‌ಟೇಲನ್ನು ಜಗತ್ತಿಗೆ ಹಂಚಿತು.

ನಾಲಿಗೆಯ ಸಾಕ್ಷಿ ಎಷ್ಟು ನಂಬಬಹುದು?

ಇಷ್ಟಾದರೂ, ಪಳಗಿದ ನಾಲಿಗೆಗೆ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ತಿಳಿಯುವುದಿಲ್ಲವೇ ಎಂಬ ಪ್ರಶ್ನೆ ಉಳಿಯುತ್ತದೆ. 1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ಸ್ಟೀವನ್ ಸ್ಪರಿಯರ್ ಎಂಬ ಇಂಗ್ಲಿಷ್ ವರ್ತಕ ಒಂದು ಪರೀಕ್ಷೆ ಏರ್ಪಡಿಸಿದ. ಒಂಬತ್ತು ಮಂದಿ ಫ್ರೆಂಚ್ ಪರಿಣತರಿಗೆ ಬಾಟಲಿಯ ಗುರುತು ಹೇಳದೆ ಫ್ರಾನ್ಸ್ ಮತ್ತು ಕ್ಯಾಲಿಫೋರ್ನಿಯಾದ ವೈನ್‌ಗಳನ್ನು ಕೊಡಲಾಯಿತು. ಕೆಂಪು ಮತ್ತು ಬಿಳಿ ಎರಡು ವಿಭಾಗಗಳಲ್ಲೂ ಮೊದಲ ಸ್ಥಾನ ಕ್ಯಾಲಿಫೋರ್ನಿಯಾಕ್ಕೆ ಹೋಯಿತು. ಚೀಟಿ ಕಾಣದಾದಾಗ ಅಭಿಮಾನ ಕೆಲಸ ಮಾಡಲಿಲ್ಲ.

2001ರಲ್ಲಿ ಬೋರ್ಡೋದ ಸಂಶೋಧಕರು ಪ್ರಕಟಿಸಿದ ಪ್ರಯೋಗದಲ್ಲಿ ವೈನ್ ಶಾಸ್ತ್ರ ಕಲಿಯುತ್ತಿದ್ದ 54 ಮಂದಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಬಿಳಿ ವೈನ್ ಕೊಡಲಾಯಿತು. ಅವರು ಅದನ್ನು ಬಣ್ಣಿಸಿದ್ದು ಕೆಂಪು ವೈನಿಗೆ ಬಳಸುವ ಮಾತುಗಳಿಂದ. 2008ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದೇ ವೈನನ್ನು ಒಮ್ಮೆ 10 ಡಾಲರ್ ಬೆಲೆಯದೆಂದು, ಇನ್ನೊಮ್ಮೆ 90 ಡಾಲರ್ ಬೆಲೆಯದೆಂದು ಹೇಳಿ ಕೊಟ್ಟು ಮಿದುಳಿನ ಚಟುವಟಿಕೆ ಅಳೆದರು. ಬೆಲೆ ಹೆಚ್ಚೆಂದು ಕೇಳಿದಾಗ ಜನ ಹೆಚ್ಚು ರುಚಿ ಎಂದರು. ಮಿದುಳಿನಲ್ಲಿ ಸುಖಕ್ಕೆ ಸಂಬಂಧಿಸಿದ ಭಾಗವೂ ಹೆಚ್ಚು ಚುರುಕಾಯಿತು. ಅವರು ಸುಳ್ಳು ಹೇಳುತ್ತಿರಲಿಲ್ಲ. ಬೆಲೆಯೇ ಅವರಿಗೆ ರುಚಿಯಾಗಿ ತೋರಿತ್ತು.

ಹಾಗೆಂದು ನಾಲಿಗೆಗೆ ತನ್ನದೇ ಮಾತು ಇಲ್ಲವೆಂದಲ್ಲ. ಕೆಲವು ಕಹಿಗಳು ಒಬ್ಬನಿಗೆ ತಿಳಿದರೆ ಇನ್ನೊಬ್ಬನಿಗೆ ತಿಳಿಯುವುದೇ ಇಲ್ಲ, ಇದು ಹುಟ್ಟಿನಿಂದ ಬರುವ ಗುಣ ಎಂಬುದು 1930ರ ದಶಕದಿಂದ ಗೊತ್ತಿದೆ. ಅನ್ಯರ ರುಚಿಯನ್ನು ಬಲವಂತವಾಗಿ ಹೇರಲಾಗುವುದಿಲ್ಲ ಎಂಬುದಕ್ಕೆ ಜಪಾನ್ ಸಾಕ್ಷಿ. ಮಸಾತಾಕ ತಾಕೆತ್ಸುರು ಎಂಬ ಯುವಕ 1918ರಲ್ಲಿ ಸ್ಕಾಟ್ಲೆಂಡಿಗೆ ಹೋಗಿ ವಿಸ್ಕಿ ತಯಾರಿಕೆ ಕಲಿತು ಬಂದ. ಅವನ ನೆರವಿನಿಂದ ಶಿಂಜಿರೋ ತೋರಿ 1923ರಲ್ಲಿ ಯಮಜಾಕಿಯಲ್ಲಿ ಭಟ್ಟಿ ಕಟ್ಟಿಸಿದ. 1929ರಲ್ಲಿ ಹೊರಬಂದ ಮೊದಲ ವಿಸ್ಕಿಯನ್ನು ಜಪಾನಿಗರು ಹೊಗೆವಾಸನೆಯೆಂದು ದೂರ ತಳ್ಳಿದರು. ತೋರಿ ಹೊಗೆ ಕಡಿಮೆ ಮಾಡಿದ. 1937ರ ಹೊಸ ವಿಸ್ಕಿ ಗೆದ್ದಿತು. ಸ್ಕಾಟ್ಲೆಂಡಿನ ರುಚಿಯನ್ನು ಬಿಡಲೊಪ್ಪದ ತಾಕೆತ್ಸುರು 1934ರಲ್ಲೇ ಬೇರೆಯಾಗಿ ಉತ್ತರದ ಚಳಿ ದ್ವೀಪದಲ್ಲಿ ತನ್ನದೇ ಭಟ್ಟಿ ತೆರೆದಿದ್ದ. ಇಂದು ಎರಡೂ ಬಗೆಗೆ ಅಭಿಮಾನಿಗಳಿದ್ದಾರೆ.

ಕಾಕಂಬಿಯಿಂದ ಮಾಲ್ಟ್‌ವರೆಗೆ

ಇನ್ನು ನಮ್ಮ ಮನೆಯ ಮಾತು. ಭಾರತದಲ್ಲಿ ವಿಸ್ಕಿಯೆಂದು ಮಾರಾಟವಾಗುವುದರಲ್ಲಿ ಬಹಳಷ್ಟು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಇಳಿಸಿದ ಮದ್ಯಸಾರಕ್ಕೆ ಬಣ್ಣ, ವಾಸನೆ ಸೇರಿಸಿದ್ದು. ಯುರೋಪಿನ ಕಾನೂನಿನ ಪ್ರಕಾರ ಅದನ್ನು ವಿಸ್ಕಿ ಎಂದು ಕರೆಯುವಂತಿಲ್ಲ. ಅಲ್ಲಿ ಧಾನ್ಯದಿಂದಲೇ ಇಳಿಸಿ, ಮೂರು ವರ್ಷ ಮರದ ಪೀಪಾಯಿಯಲ್ಲಿ ಇಟ್ಟಿರಬೇಕು. ಕಬ್ಬಿನ ನಾಡಿನಲ್ಲಿ ಅಗ್ಗವಾಗಿ ಸಿಗುವುದು ಕಾಕಂಬಿ. ಆಳಿದವರಿಂದ ಕಲಿತ ಪ್ರತಿಷ್ಠೆಯ ಹೆಸರು ವಿಸ್ಕಿ. ಎರಡೂ ಸೇರಿ ಕೋಟ್ಯಂತರ ಜನರ ರುಚಿಯಾಯಿತು.

ಈ ನಡುವೆ 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಮೃತ್ ಡಿಸ್ಟಿಲರೀಸ್ ಕಂಪನಿ ಉತ್ತರ ಭಾರತದ ಬಾರ್ಲಿಯಿಂದ ಸಿಂಗಲ್ ಮಾಲ್ಟ್ ವಿಸ್ಕಿ ತಯಾರಿಸಿ, 2004ರ ಆಗಸ್ಟಿನಲ್ಲಿ ಅದನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಬಿಡುಗಡೆ ಮಾಡಿತು. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ 2ರಷ್ಟು ಆವಿಯಾದರೆ, ಬೆಂಗಳೂರಿನಲ್ಲಿ ಶೇ 10ಕ್ಕೂ ಹೆಚ್ಚು ಆವಿಯಾಗುತ್ತದೆ. ನಷ್ಟ ಹೆಚ್ಚು, ಆದರೆ ಮಾಗುವುದೂ ಬೇಗ. 2010ರಲ್ಲಿ ವಿಮರ್ಶಕ ಜಿಮ್ ಮರ್‍ರೇ ಈ ಕಂಪನಿಯ ‘ಫ್ಯೂಷನ್’ ವಿಸ್ಕಿಗೆ ಜಗತ್ತಿನಲ್ಲಿ ಮೂರನೆಯ ಸ್ಥಾನ ಕೊಟ್ಟ. ಅಲ್ಲಿಯವರೆಗೆ ಭಾರತದ ವಿಸ್ಕಿಗೆ ಮೂಗು ಮುರಿಯುತ್ತಿದ್ದವರು ಅದನ್ನು ಹುಡುಕಿ ಕೊಳ್ಳತೊಡಗಿದರು.

ಆದರೆ ಇದು ಬಟ್ಟಲಿನ ಒಂದು ಮಗ್ಗುಲು ಮಾತ್ರ. ಅದೇ ಬೆಂಗಳೂರಿನಲ್ಲಿ 1981ರ ಜುಲೈನಲ್ಲಿ ವಿಷಪೂರಿತ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಬಡವರು ಸತ್ತರು. 1992ರಲ್ಲಿ ನೆರೆಯ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಸಾರಾಯಿ ಅಂಗಡಿಗಳ ವಿರುದ್ಧ ಎದ್ದು ನಿಂತರು. ಗಂಡಂದಿರ ರುಚಿಯ ಬೆಲೆ ತೆರುತ್ತಿದ್ದವರು ಅವರೇ. ಮರುವರ್ಷ ಅಲ್ಲಿ ಸಾರಾಯಿ ನಿಷೇಧವಾಯಿತು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ಮಾರಾಟ ನಿಂತಿತು. ಹಳ್ಳಿಗಳಲ್ಲಿ ಸಾರಾಯಿ ಪ್ಯಾಕೆಟ್ಟಿನ ಜಾಗಕ್ಕೆ ಬಂದದ್ದು ಅಗ್ಗದ ವಿಸ್ಕಿ, ರಮ್, ಬ್ರಾಂದಿ. ಕೂಲಿಕಾರನ ರುಚಿ ಒಂದು ಆದೇಶದಿಂದ ಬದಲಾಯಿತು. ಅವನ ಕುಡಿತ ನಿಂತಿತೆಂದು ಹೇಳುವವರು ಕಡಿಮೆ. ಇಂಗ್ಲೆಂಡಿನಲ್ಲಿ ಬ್ರಾಂದಿಯ ಜಾಗಕ್ಕೆ ಜಿನ್ ಬಂದ ರೀತಿಯೂ ಹೆಚ್ಚು ಬೇರೆಯಾಗಿರಲಿಲ್ಲ.

ಪಾನನಿರೋಧಕ್ಕೆ ಯತ್ನಿಸಬೇಕೆಂದು ಸಂವಿಧಾನದ 47ನೇ ವಿಧಿ ಸರ್ಕಾರಗಳಿಗೆ ಹೇಳುತ್ತದೆ. ಆದರೆ ರಾಜ್ಯದ ಬೊಕ್ಕಸಕ್ಕೆ ಅಬಕಾರಿ ದೊಡ್ಡ ಆಸರೆ. ಮದ್ಯದಲ್ಲಿ ಆರೋಗ್ಯಕ್ಕೆ ಸುರಕ್ಷಿತವಾದ ಪ್ರಮಾಣ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಈ ಮಾತು 90 ಡಾಲರಿನ ವೈನಿಗೂ ಪ್ಯಾಕೆಟ್ಟಿನ ರಮ್ಮಿಗೂ ಸಮನಾಗಿ ಅನ್ವಯಿಸುತ್ತದೆ. ಕುಡಿಯುವುದು, ಬಿಡುವುದು ಅವರವರಿಗೆ ಸೇರಿದ್ದು. ಆದರೆ ‘ಇದು ನನ್ನ ರುಚಿ’ ಎನ್ನುವಾಗ ಅದನ್ನು ಕಲಿಸಿದವರು ಯಾರು, ಅದರಿಂದ ಲಾಭ ಪಡೆದವರು ಯಾರು, ಬೆಲೆ ತೆತ್ತವರು ಯಾರು ಎಂದು ಕೇಳಿಕೊಳ್ಳುವುದು ಒಳ್ಳೆಯದು. ಗಾದೆ ಕಟ್ಟಿದವರು ಊಟ ತನ್ನಿಚ್ಛೆ ಎಂದರು. ಕುಡಿತದ ಬಗ್ಗೆ ಅವರು ಏನೂ ಹೇಳಲಿಲ್ಲ.